ಕರೆಂಟ್ ದರ ಏರಿಕೆಗೆ ಆಕ್ಷೇಪಣೆ: ಬೆಳಗಾವಿ ಫೌಂಡ್ರಿ ಸಂಘಗಳಿಗೆ ಕೈಪಿಡಿ

ದರ ನಿಗದಿ ಮಾಡುವುದು ನಮಗೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಮಂತ್ರಿಗಳಿಗೆ ಹಾರ ಹಾಕಿ ಮನವಿ ಕೊಟ್ಟರೆ ಫೋಟೊ ಸಿಗುತ್ತದೆ, ಅಷ್ಟೇ. ಸಬ್ಸಿಡಿ ಮತ್ತು ವಿದ್ಯುತ್ ತೆರಿಗೆ ಸರ್ಕಾರದ ಕೈಯಲ್ಲಿವೆ. ಅದಕ್ಕೆ ಬೇರೆ ಪತ್ರ ಬರೆಯಿರಿ.

2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ಪ್ರಕಾರ ಸಾರ್ವಜನಿಕ ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆಯೋಗ ಆದೇಶ ಹೊರಡಿಸಬೇಕು. ದರ ಏರಿಕೆ ಪ್ರಸ್ತಾವಕ್ಕೆ ಆಕ್ಷೇಪಣೆ ಕರೆದು ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನವೇ ಕೊನೆಯ ದಿನಾಂಕ, ಬೇಕಾದ ಪ್ರತಿಗಳು, ಅಫಿಡವಿಟ್ (ಪ್ರಮಾಣಪತ್ರ) ವಿವರ ಬರೆದಿಟ್ಟುಕೊಳ್ಳಿ.

ಕೆಲಸವೆಲ್ಲ ಅಂಕಿ-ಅಂಶದಲ್ಲಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಸದಸ್ಯರಿಂದ 12 ತಿಂಗಳ ಬಿಲ್ ತರಿಸಿ: ಮಂಜೂರಾದ ಬೇಡಿಕೆ (ಎಳೆಯಲು ಒಪ್ಪಂದವಾದ ವಿದ್ಯುತ್ ಮಿತಿ), ದಾಖಲಾದ ಗರಿಷ್ಠ ಬೇಡಿಕೆ (ಆ ತಿಂಗಳು ನಿಜಕ್ಕೂ ಎಳೆದ ಗರಿಷ್ಠ ಮಟ್ಟ), ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದ ಪಾಲು). ಜೊತೆಗೆ ಕರಗಿಸಿದ ಲೋಹ ಎಷ್ಟು ಟನ್ ಎಂಬುದನ್ನೂ ಕೇಳಿ. ಇಂಡಕ್ಷನ್ ಫರ್ನೇಸ್‌ನಲ್ಲಿ (ಕರೆಂಟ್‌ನಿಂದ ಲೋಹ ಕರಗಿಸುವ ಕುಲುಮೆ) ಟನ್‌ಗೆ ಎಷ್ಟು ಯೂನಿಟ್, ಹೊಸ ದರದಲ್ಲಿ ಕಿಲೋ ಕಾಸ್ಟಿಂಗ್‌ಗೆ (ಎರಕದ ವಸ್ತುವಿಗೆ) ಎಷ್ಟು ಪೈಸೆ ಹೆಚ್ಚು ಎಂದು ತೋರಿಸಿ. ಆರ್ಡರ್ ಕಡಿಮೆಯಿದ್ದ ತಿಂಗಳಲ್ಲೂ ಡಿಮಾಂಡ್ ಚಾರ್ಜ್ (ಯೂನಿಟ್‌ಗಲ್ಲ, ಬೇಡಿಕೆಯ ಮೇಲೆ ಹಾಕುವ ಶುಲ್ಕ) ಹೇಗೆ ಹೊರೆಯಾಗುತ್ತದೆ ಎಂಬುದು ಇಲ್ಲೇ ಬಯಲಾಗುತ್ತದೆ. ಬಿಲ್ ಕೊಡಲು ಸದಸ್ಯರು ಹಿಂಜರಿಯುತ್ತಾರೆ, ಪಕ್ಕದವನಿಗೆ ಲೆಕ್ಕ ಗೊತ್ತಾದೀತೆಂದು. ಹೆಸರು ತೆಗೆದು ನಂಬರ್ ಹಾಕಿ.

ಎಲ್‌ಟಿ (ಕಡಿಮೆ ವೋಲ್ಟೇಜ್), ಎಚ್‌ಟಿ (ಹೆಚ್ಚು ವೋಲ್ಟೇಜ್) ಗ್ರಾಹಕರ ಹಿತ ಬೇರೆ ಬೇರೆ. ಆ ಜಗಳ ಸಂಘದೊಳಗೇ ಮುಗಿಯಲಿ. ಆಯೋಗದ ವಿಚಾರಣೆಯಲ್ಲಿ ಇಬ್ಬರು ಎರಡು ಮಾತಾಡಿದರೆ ಎರಡೂ ಹೋದವು. ಒಂದೇ ಪತ್ರದ ಐವತ್ತು ಜೆರಾಕ್ಸ್ ಕಳಿಸಿದರೂ ವಾದ ಒಂದೇ.

ಆದೇಶ ಒಪ್ಪಿಗೆಯಾಗದಿದ್ದರೆ ಪ್ರತಿ ಕೈಸೇರಿದ 45 ದಿನಗಳೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವಕೀಲರ ಫೀ ಮೊದಲೇ ಕೇಳಿ.