ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು: ಫೀ ಮನ್ನಾ ಆಮೇಲೆ, ಮೊದಲು ರೆಸಿಡೆನ್ಸಿ

ಕ್ಯಾಲಿಫೋರ್ನಿಯಾಕ್ಕೆ ಬಂದ ಕನ್ನಡದ ಮನೆಗಳಲ್ಲಿ ಕಮ್ಯುನಿಟಿ ಕಾಲೇಜಿನ ಮಾತು ಸಾಮಾನ್ಯವಾಗಿ ಎರಡು ಸಂದರ್ಭದಲ್ಲಿ ಬರುತ್ತದೆ. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿ, ಮಕ್ಕಳಿಗೆ ಕೊಡುವುದು) ಬಂದ ಹೆಂಡತಿಯೋ ಗಂಡನೋ ಅಕೌಂಟಿಂಗ್ ಅಥವಾ ಪ್ರೀಸ್ಕೂಲ್ ಟೀಚರ್ ಕೋರ್ಸ್ ಮಾಡಬೇಕು ಅಂದಾಗ ಒಂದು ಸಲ. ಹೈಸ್ಕೂಲು ಮುಗಿಸಿದ ಮಗಳು ಎರಡು ವರ್ಷ ಇಲ್ಲಿ ಓದಿ ಆಮೇಲೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ಆಗ್ತೀನಿ ಅಂದಾಗ ಇನ್ನೊಂದು ಸಲ. ಎರಡೂ ಸಲ ಎಲ್ಲರೂ ಮೊದಲು ಹುಡುಕುವುದು ಫೀ ಮನ್ನಾ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಇಲ್ಲಿ ಸರ್ಕಾರದಿಂದ ಸಿಗುವ ದೊಡ್ಡ ನೆರವು ಎಂದರೆ ಕಾಲೇಜು ನಿಮ್ಮನ್ನು ರೆಸಿಡೆಂಟ್, ಅಂದರೆ ಈ ರಾಜ್ಯದ ನಿವಾಸಿ, ಎಂದು ಒಪ್ಪಿಕೊಳ್ಳುವುದು.

ಲೆಕ್ಕ ನೋಡಿ. ರೆಸಿಡೆಂಟ್‌ಗೆ ಒಂದು ಯೂನಿಟ್‌ಗೆ (ಕೋರ್ಸ್‌ನ ಅಳತೆ, ಕ್ರೆಡಿಟ್ ಇದ್ದ ಹಾಗೆ) 46 ಡಾಲರ್. 2012ರಿಂದ ಈ ದರ ಬದಲಾಗಿಲ್ಲ. ಮೂರು ಯೂನಿಟ್‌ನ ಕೋರ್ಸ್‌ಗೆ 138 ಡಾಲರ್ ಆಯಿತು. ನಾನ್ ರೆಸಿಡೆಂಟ್ ಆದರೆ ಈ 46ರ ಮೇಲೆ ಯೂನಿಟ್‌ಗೆ ಇನ್ನೂ ಮುನ್ನೂರಕ್ಕೂ ಜಾಸ್ತಿ ಡಾಲರ್ ಬಹಳಷ್ಟು ಕಾಲೇಜುಗಳಲ್ಲಿ ಸೇರುತ್ತದೆ. ಅದೇ ಕೋರ್ಸ್ ಸಾವಿರ ಡಾಲರ್ ದಾಟುತ್ತದೆ. ನಾನ್ ರೆಸಿಡೆಂಟ್ ಆದವರಿಗೆ ಸಾಮಾನ್ಯವಾಗಿ ಫೀ ಮನ್ನಾ ಸಿಗುವುದೂ ಇಲ್ಲ. ಪೂರ್ತಿ ಕಟ್ಟಲೇಬೇಕು.

ನಿಯಮ ಓದಲು ಸುಲಭ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ವಾಸವಾಗಿರಬೇಕು. ಇಲ್ಲೇ ನೆಲೆಸುವ ಉದ್ದೇಶಕ್ಕೂ ದಾಖಲೆ ಬೇಕು. ಎಚ್-1ಬಿ, ಎಚ್-4, ಎಲ್-1, ಎಲ್-2 (ಕಂಪನಿಯೊಳಗೆ ವರ್ಗವಾಗಿ ಬಂದವರು, ಅವರ ಕುಟುಂಬ) ಇರುವವರು ರೆಸಿಡೆಂಟ್ ಆಗಬಹುದು. ಎಫ್-1, ಎಫ್-2 (ವಿದ್ಯಾರ್ಥಿ, ಅವರ ಕುಟುಂಬ), ಜೆ-1 (ವಿನಿಮಯ), ಬಿ-2 (ಪ್ರವಾಸ) ಇರುವವರು ಆಗುವಂತಿಲ್ಲ, ಎಷ್ಟು ವರ್ಷ ಇದ್ದರೂ ಅಷ್ಟೇ.

ನಮ್ಮವರು ಎಡವುವುದು ಇಲ್ಲೇ. ಎಂಎಸ್ ಮುಗಿಸಿ, ಒಪಿಟಿಯಲ್ಲಿ (ಓದಿನ ನಂತರ ಎಫ್-1ನಲ್ಲೇ ಇದ್ದು ಕೆಲಸ ಮಾಡುವ ಅನುಮತಿ) ಕೆಲಸ ಮಾಡಿ, ಅಕ್ಟೋಬರ್ 1ಕ್ಕೆ ಎಚ್-1ಬಿ ಆದವರನ್ನು ನೋಡಿ. ಸನಿವೇಲ್‌ನಲ್ಲಿ ನಾಲ್ಕು ವರ್ಷದಿಂದ ಇದ್ದೇವೆ ಎಂದು ಅವರು ಧೈರ್ಯವಾಗಿರುತ್ತಾರೆ. ಎಫ್-1 ಕಾಲ ಲೆಕ್ಕಕ್ಕೆ ಬರುವುದಿಲ್ಲ. ಹೆಂಡತಿ ಎಫ್-2ರಿಂದ ಎಚ್-4ಗೆ ಬಂದಿದ್ದರೆ ಅವರ ವರ್ಷವೂ ಅದೇ ಅಕ್ಟೋಬರ್‌ನಿಂದ ಶುರು. ಮುಂದಿನ ಫಾಲ್ ಸೆಮಿಸ್ಟರ್ ಆಗಸ್ಟ್‌ನಲ್ಲೇ ತೆರೆಯುತ್ತದೆ. ಆಗ ವರ್ಷ ತುಂಬಿರುವುದಿಲ್ಲ. ಆ ಇಡೀ ಸೆಮಿಸ್ಟರ್ ನಾನ್ ರೆಸಿಡೆಂಟ್. ಇಂಥವರು ಸುಮ್ನೆ ಜನವರಿಯ ಸ್ಪ್ರಿಂಗ್‌ವರೆಗೆ ಕಾಯುವುದು ಒಳ್ಳೆಯದು.

ಇನ್ನು ಅರ್ಜಿಯೇ ಒಂದು ಬಲೆ. ಕಮ್ಯುನಿಟಿ ಕಾಲೇಜು ಸೇರಲು ತುಂಬುವ ಸಿಸಿಸಿ ಅಪ್ಲೈ ಅರ್ಜಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ವಾಸ ಯಾವಾಗ ಶುರುವಾಯಿತು ಎಂದು ಕೇಳುತ್ತಾರೆ. ನಮ್ಮವರು ಪಾಸ್‌ಪೋರ್ಟ್ ತೆಗೆದು ಕೊನೆಯ ಐ-94 (ಅಮೆರಿಕದೊಳಗೆ ಬಂದ ದಾಖಲೆ) ತಾರೀಖು ಹಾಕುತ್ತಾರೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರು ಜುಲೈ ತಾರೀಖು ಹಾಕಿದರೆ, ಮೂರು ವರ್ಷ ಇಲ್ಲಿದ್ದವರೂ ಕಾಗದದ ಮೇಲೆ ಒಂದು ತಿಂಗಳ ಹಿಂದೆ ಬಂದವರಾಗುತ್ತಾರೆ! ರಜೆಗೆ ಊರಿಗೆ ಹೋಗಿ ಬಂದ ಮಾತ್ರಕ್ಕೆ ವಾಸ ಮುರಿಯುವುದಿಲ್ಲ. ಮನೆ ಇಲ್ಲೇ ಇತ್ತು, ಬಾಡಿಗೆ ಕಟ್ಟುತ್ತಿದ್ದಿರಿ, ಅಲ್ವಾ? ಮೊದಲು ಇಲ್ಲಿ ಬಂದು ನೆಲೆಸಿದ ತಾರೀಖನ್ನೇ ಬರೆಯಿರಿ. ನಮ್ಮ ಮನೆಯಲ್ಲೂ ಇದೇ ಕಾರಣಕ್ಕೆ ಒಂದು ಸೆಮಿಸ್ಟರ್ ದುಬಾರಿ ಫೀ ಕಟ್ಟಿದ್ದೇವೆ. ಆ ದುಡ್ಡು ಮತ್ತೆ ಬರಲಿಲ್ಲ. ಈಗಲೂ ಪ್ರತಿ ಆಗಸ್ಟ್‌ನಲ್ಲಿ ಯಾರಾದರೊಬ್ಬರು ಫೋನ್ ಮಾಡಿ ಇದೇ ಕಥೆ ಹೇಳುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಮ್ಮೆ ನಾನ್ ರೆಸಿಡೆಂಟ್ ಎಂದು ಬಿದ್ದರೆ ವರ್ಷ ತುಂಬಿದ ಮೇಲೂ ತಾನಾಗಿ ಬದಲಾಗುವುದಿಲ್ಲ. ನೀವೇ ರೀಕ್ಲಾಸಿಫಿಕೇಶನ್ ಅರ್ಜಿ ಹಾಕಬೇಕು, ಅದೂ ಆ ಕಾಲೇಜು ಹೇಳಿದ ಕೊನೆಯ ದಿನದೊಳಗೆ. ಅಡ್ಮಿಷನ್ಸ್ ಆಫೀಸಿನವರು ಕರೆದು ಹೇಳುತ್ತಾರೆ ಎಂದು ಕಾಯಬೇಡಿ.

ದಾಖಲೆ ವಿಷಯದಲ್ಲಿ ಕಷ್ಟಪಡುವುದು ಎಚ್-4ನಲ್ಲಿರುವ ಹೆಣ್ಣುಮಕ್ಕಳೇ ಜಾಸ್ತಿ. ಲೀಸ್ ಗಂಡನ ಹೆಸರಲ್ಲಿ. ಕರೆಂಟ್ ಬಿಲ್ಲೂ ಅವರದೇ. ಟೆಕ್ಸಾಸ್‌ನಿಂದ ಫ್ರೀಮಾಂಟ್‌ಗೆ ಬಂದ ದಾವಣಗೆರೆಯ ಒಬ್ಬರು ಟೆಕ್ಸಾಸ್ ಲೈಸೆನ್ಸನ್ನೇ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದರು. ಕ್ಯಾಲಿಫೋರ್ನಿಯಾ ಲೈಸೆನ್ಸ್ ತೆಗೆದದ್ದು ತಡವಾಗಿ. ಕಾಲೇಜು ಆ ತಾರೀಖನ್ನೇ ಹಿಡಿಯಿತು. ಆದ್ದರಿಂದ ಬಂದ ಕೂಡಲೇ ಲೀಸ್‌ನಲ್ಲಿ ಇಬ್ಬರ ಹೆಸರೂ ಹಾಕಿಸಿ. ಜಂಟಿ ಬ್ಯಾಂಕ್ ಖಾತೆ ತೆಗೆಯಿರಿ. ಡಿಎಂವಿಗೆ ಹೋಗಿ ಲೈಸೆನ್ಸ್ ಅಥವಾ ಸ್ಟೇಟ್ ಐಡಿ ಮಾಡಿಸಿ, ಕಾರು ಓಡಿಸದಿದ್ದರೂ ಪರವಾಗಿಲ್ಲ. ವರ್ಷದ ನಡುವೆ ಬಂದವರ ರಾಜ್ಯ ತೆರಿಗೆ ಫಾರ್ಮ್ 540 ಎನ್‌ಆರ್ (ನಾನ್ ರೆಸಿಡೆಂಟ್ ಮತ್ತು ವರ್ಷದ ಒಂದು ಭಾಗ ಮಾತ್ರ ಇದ್ದವರದು) ಆಗಿರುತ್ತದೆ, ಅದು ತಪ್ಪಲ್ಲ. ಅದರಲ್ಲಿರುವ ಬಂದ ತಾರೀಖು ಲೀಸ್ ತಾರೀಖಿಗೆ ತಾಳೆಯಾಗಬೇಕು. ಟ್ಯಾಕ್ಸ್ ಮಾಡುವವರ ಮೇಲೆ ಬಿಡಬೇಡಿ, ನೀವೇ ಓದಿ ಸಹಿ ಹಾಕಿ.

ಮಕ್ಕಳ ಬಗ್ಗೆ ಒಂದು ಎಚ್ಚರಿಕೆ. ಇಲ್ಲೇ ಮೂರು ವರ್ಷ ಹೈಸ್ಕೂಲು ಓದಿದ್ದಾರೆ, ಎಬಿ 540 ಕಾನೂನು ಇದೆ, ನಾನ್ ರೆಸಿಡೆಂಟ್ ಫೀ ಬರಲ್ಲ ಎಂದು ಹೇಳುವವರಿದ್ದಾರೆ. ಎಚ್-4 ಮಕ್ಕಳಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಅವರಿಗೆ ದಾರಿ ಮಾಮೂಲಿ ರೆಸಿಡೆನ್ಸಿಯೇ. ಗ್ರೀನ್ ಕಾರ್ಡ್ ಬರುವ ಮೊದಲೇ 21 ತುಂಬಿ ಮಗು ಎಫ್-1ಗೆ ಹೋದರೆ ಆ ದಾರಿಯೂ ಮುಚ್ಚುತ್ತದೆ. ಇಲ್ಲೇ ಬೆಳೆದ ಮಕ್ಕಳಿಗೆ ಹೀಗೆ ಮಾಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ನಿಯಮ ಹಾಗಿದೆ. ಟ್ರಾನ್ಸ್‌ಫರ್ ಯೋಜನೆಯನ್ನು ಮಗುವಿನ ವಯಸ್ಸು ನೋಡಿ ಹಾಕಿ.

ಈಗ ಫೀ ಮನ್ನಾಕ್ಕೆ ಬರೋಣ. ಹೆಸರುಗಳು ಹತ್ತಿರ ಹತ್ತಿರ, ಯೋಜನೆಗಳು ಬೇರೆ. ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರ್ಯಾಂಟ್ ಎಂಬುದು ಆದಾಯ ನೋಡಿ ಕೊಡುವ ಮನ್ನಾ. ಹಳಬರು ಇದನ್ನು ಬಾಗ್ ವೇವರ್ ಎನ್ನುತ್ತಾರೆ. ಒಂದೇ ಕೋರ್ಸ್ ತಗೊಂಡರೂ ಸಿಗುತ್ತದೆ, ಸಿಟಿಜನ್ ಆಗಿರಬೇಕಿಲ್ಲ. ಬರೀ ಪ್ರಾಮಿಸ್ ಎಂದು ಕರೆಯುವುದು 2017ರ ಎಬಿ 19 ಕಾನೂನಿನಿಂದ ಬಂದದ್ದು. ಅದು ಮುಖ್ಯವಾಗಿ ಮೊದಲ ಸಲ ಕಾಲೇಜು ಸೇರಿ, 12 ಯೂನಿಟ್ ಪೂರ್ತಿ ಓದುವ ವಿದ್ಯಾರ್ಥಿಗಳಿಗೆ. 2019ರಲ್ಲಿ ಎರಡನೇ ವರ್ಷಕ್ಕೂ ವಿಸ್ತರಿಸಿದರು. ಊರಿನಲ್ಲಿ ಬಿ.ಕಾಂ. ಮುಗಿಸಿ ಬಂದವರಿಗೆ ಇದು ಹೊಂದುವುದಿಲ್ಲ. ಒಂದೇ ಸಂಬಳದ ದೊಡ್ಡ ಕುಟುಂಬ, ಕೆಲಸ ಹೋದ ಮನೆ, ಇಂಥವರು ಗ್ರ್ಯಾಂಟ್‌ಗೆ ಸಂಕೋಚ ಬಿಟ್ಟು ಅರ್ಜಿ ಹಾಕಿ. ಗ್ರೀನ್ ಕಾರ್ಡ್‌ಗೆ ತೊಂದರೆಯಾದೀತೇ ಎಂಬ ಭಯ ಇದ್ದರೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಮಗು ಇಲ್ಲೇ ಹುಟ್ಟಿದ ಸಿಟಿಜನ್ ಆಗಿದ್ದರೆ ಫಾಫ್ಸಾ (ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ) ತುಂಬಲೇಬೇಕು. ಅಪ್ಪ ಅಮ್ಮ ಎಚ್-1, ಎಚ್-4 ಆಗಿರುವುದು ಅಡ್ಡ ಬರುವುದಿಲ್ಲ. ತಾಯಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ತುಂಬಬಹುದು.

ಊರಿನ ವ್ಯವಸ್ಥೆಗೆ ಹೋಲಿಸಿದರೆ ಇಲ್ಲಿಯದು ಒಂದು ವಿಷಯದಲ್ಲಿ ಸ್ಪಷ್ಟವಾಗಿ ಮೇಲು. ನಮ್ಮಲ್ಲಿ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟು, ಆಧಾರ್ ಜೋಡಿಸಿದ ಖಾತೆಗೆ ದುಡ್ಡು ಯಾವಾಗ ಬೀಳುತ್ತದೋ ಎಂದು ಕಾಯುವ ಮಕ್ಕಳು ಎಷ್ಟೋ. ಕೈಯಲ್ಲಿ ದುಡ್ಡಿಲ್ಲದವರಿಗೆ ಮೊದಲು ಕಟ್ಟಿ ಆಮೇಲೆ ಪಡೆಯಿರಿ ಎನ್ನುವುದು ನೆರವಾಗುವುದು ಹೇಗೆ? ಇಲ್ಲಿ ಮನ್ನಾ ಮಂಜೂರಾದರೆ ಆ ಫೀ ಬಿಲ್ಲಿನಿಂದಲೇ ಹೋಗುತ್ತದೆ. ವಾಸದ ನಿಯಮವೂ ಉದಾರ. ಕರ್ನಾಟಕದ ಸಿಇಟಿಗೆ ಸಾಮಾನ್ಯ ನಿಯಮದಲ್ಲಿ ಏಳು ವರ್ಷ ಅಲ್ಲೇ ಓದಿರಬೇಕು, ಇಲ್ಲಿ ಒಂದು ವರ್ಷ ಸಾಕು. ಆದರೆ ಆ ಒಂದು ವರ್ಷವನ್ನು ಸಾಬೀತು ಮಾಡುವ ಹೊಣೆ ಪೂರ್ತಿ ನಿಮ್ಮದು.

ಕೊನೆಗೆ, ಇಷ್ಟವಾಗದ ಕೋರ್ಸ್‌ಗೆ ಹೋಗದೆ ಸುಮ್ಮನಾಗಬೇಡಿ. ಕೊನೆಯ ದಿನದೊಳಗೆ ಅಧಿಕೃತವಾಗಿ ಡ್ರಾಪ್ ಮಾಡಿ. ಎರಡು ಟರ್ಮ್ ಸತತವಾಗಿ ಜಿಪಿಎ 2.0ಕ್ಕಿಂತ ಕೆಳಗಿಳಿದರೆ, ಅಥವಾ ತೆಗೆದುಕೊಂಡ ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಸದಿದ್ದರೆ, ಗ್ರ್ಯಾಂಟ್ ಕೈ ತಪ್ಪುತ್ತದೆ. ಪುಸ್ತಕದ ಖರ್ಚು ಬೇರೆ ಎತ್ತಿಡಿ, ಮನ್ನಾದಲ್ಲಿ ಅದು ಸೇರಿಲ್ಲ.