ಸರ್ವಸಮ ತ್ರಿಭುಜಗಳು: ನಾನು ಸಾಧನೆ ಬರೆಯುವ ಬಗೆ

ಪ್ರೌಢಶಾಲೆಯ ರೇಖಾಗಣಿತದಲ್ಲಿ ಮಕ್ಕಳನ್ನು ಹೆಚ್ಚು ಗೋಳು ಹೊಯ್ದುಕೊಳ್ಳುವ ಪಾಠ ಯಾವುದೆಂದು ಕೇಳಿದರೆ ನಾನು ಸರ್ವಸಮತೆಯನ್ನೇ, ಅಂದರೆ ಎರಡು ತ್ರಿಭುಜಗಳು ಆಕಾರ, ಅಳತೆ ಎರಡರಲ್ಲೂ ಒಂದೇ ಎಂದು ತೋರಿಸುವ ಪಾಠವನ್ನೇ ಹೇಳುತ್ತೇನೆ. ಎರಡು ತ್ರಿಭುಜಗಳಲ್ಲಿ ಏನೇನು ಸಮವಿದ್ದರೆ ಸಾಕು ಎನ್ನುವ ನಿಯಮಗಳು ಬೆರಳೆಣಿಕೆಯಷ್ಟೇ: ಬಾಕೋಬಾ (ಎರಡು ಬಾಹು, ಅವುಗಳ ನಡುವಿನ ಕೋನ), ಕೋಬಾಕೋ (ಎರಡು ಕೋನ, ಅವುಗಳ ನಡುವಿನ ಬಾಹು), ಬಾಬಾಬಾ (ಮೂರೂ ಬಾಹು), ಲಂಬಕೋನ ತ್ರಿಭುಜಕ್ಕೆ ಲಂವಿಬಾ (ಲಂಬಕೋನ, ಅದರ ಎದುರಿನ ಬಾಹುವಾದ ವಿಕರ್ಣ, ಇನ್ನೊಂದು ಬಾಹು). ಇವನ್ನು ಕಂಠಪಾಠ ಒಪ್ಪಿಸಲಾರದ ವಿದ್ಯಾರ್ಥಿಯನ್ನು ನಾನು ಕಂಡಿದ್ದು ಕಡಿಮೆ. ಆದರೆ ಚಿತ್ರ ಕೊಟ್ಟು ‘ಸಾಧಿಸಿ’ ಎಂದ ಕೂಡಲೇ ಪೆನ್ನು ನಿಂತುಬಿಡುತ್ತದೆ. ವರ್ಷಗಳಿಂದ ಇದೇ ಪಾಠ ಮಾಡುತ್ತಾ ನನ್ನ ಮಟ್ಟಿಗೆ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೇನೆ. ಅದರಲ್ಲಿ ನಿಯಮದ ಹೆಸರು ಬರುವುದು ಕಟ್ಟಕಡೆಗೆ. ಯಾವ ಶೃಂಗಕ್ಕೆ ಯಾವ ಶೃಂಗ ಜೋಡಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತೇನೆ.

ಇದನ್ನೇಕೆ ಇಷ್ಟು ಹಟ ಹಿಡಿದು ಹೇಳುತ್ತೇನೆಂದರೆ, ಈ ಎರಡು ತ್ರಿಭುಜಗಳನ್ನು ನೋಡಿ. ಒಂದರ ಬಾಹುಗಳು 8, 12, 18 ಸೆಂ.ಮೀ.; ಇನ್ನೊಂದರದು 12, 18, 27 ಸೆಂ.ಮೀ. ಎರಡನೆಯದರ ಬಾಹುಗಳೆಲ್ಲ ಮೊದಲನೆಯದರ ಒಂದೂವರೆ ಪಟ್ಟು, ಹಾಗಾಗಿ ಮೂರು ಕೋನಗಳೂ ಸಮ. 12 ಮತ್ತು 18ರ ಬಾಹುಗಳು ಎರಡರಲ್ಲೂ ಇವೆ. ಅಲ್ಲಿಗೆ ಆರು ಅಳತೆಗಳ ಪೈಕಿ ಐದು ಹೊಂದಿಕೊಂಡವು. ಆದರೂ ಇವು ಸರ್ವಸಮವಲ್ಲ! ಮೊದಲ ತ್ರಿಭುಜದಲ್ಲಿ 12ರ ಬಾಹು ಮಧ್ಯಮ ಕೋನದ ಎದುರಿಗಿದೆ. ಎರಡನೆಯದರಲ್ಲಿ ಅದೇ ಉದ್ದದ ಬಾಹು ಅತಿ ಚಿಕ್ಕ ಕೋನದ ಎದುರಿಗೆ ಹೋಗಿ ಕುಳಿತಿದೆ. ಉದ್ದ ಒಂದೇ, ಜಾಗ ಬೇರೆ. ತರಗತಿಯಲ್ಲಿ ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ‘ಅನುರೂಪ’ (ಎರಡು ತ್ರಿಭುಜಗಳಲ್ಲಿ ಒಂದೇ ಜಾಗದಲ್ಲಿರುವ) ಎಂಬ ಮಾತನ್ನು ಮತ್ತೆ ವಿವರಿಸುವ ಪ್ರಮೇಯವೇ ಬರುವುದಿಲ್ಲ.

ಹೀಗಾಗಿ ‘ತ್ರಿಭುಜ ಅಬಕ ≅ ತ್ರಿಭುಜ ಪರಸ’ (≅ ಎಂದರೆ ಸರ್ವಸಮ) ಎಂದು ಬರೆದರೆ ಅಗೆ ಪ, ಬಗೆ ರ, ಕಗೆ ಸ ಜೋಡಿ ಎಂದೇ ಅರ್ಥ. ಅದನ್ನು ‘ಪಸರ’ ಎಂದು ತಿರುಗಿಸಿದರೆ ಹೇಳಿಕೆಯೇ ಬೇರೆಯಾಗುತ್ತದೆ. ಅಕ್ಷರಗಳ ಅನುಕ್ರಮ ಸರಿಯಿದ್ದರೆ ಮುಂದೆ ಚಿತ್ರ ನೋಡುವ ಅಗತ್ಯವೂ ಇಲ್ಲ: ಮೊದಲೆರಡು ಅಕ್ಷರ ತೆಗೆದರೆ ಅಬ = ಪರ, ಕೊನೆಯೆರಡು ತೆಗೆದರೆ ಬಕ = ರಸ.

ಲೆಕ್ಕ ಕೈಗೆ ಬಂದಾಗ ನಾನು ಮೊದಲು ಓದುವುದು ಕೊನೆಯ ಸಾಲನ್ನು, ಅಂದರೆ ಸಾಧನೀಯವನ್ನು. ಒಂದು ಉದಾಹರಣೆ ತೆಗೆದುಕೊಳ್ಳೋಣ. ತ್ರಿಭುಜ ಅಬಕದಲ್ಲಿ ಅಬ = ಅಕ. ಅಬ ಬಾಹುವಿನ ಮೇಲೆ ದ, ಅಕ ಬಾಹುವಿನ ಮೇಲೆ ಇ ಬಿಂದುಗಳಿದ್ದು, ಬದ = ಕಇ. ಬಇ = ಕದ ಎಂದು ಸಾಧಿಸಬೇಕು. ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ಬಇ ಯಾವ ತ್ರಿಭುಜದ ಬಾಹು? ಕದ ಯಾವುದರದು? ಚಿತ್ರವನ್ನು ಸುಮ್ಮನೆ ದಿಟ್ಟಿಸಿದರೆ ಕಣ್ಣಿಗೆ ಬೀಳುವುದು ಗೆರೆಗಳು ಅಡ್ಡಹಾಯ್ದು ಆದ ಚಿಕ್ಕ ಚಿಕ್ಕ ತ್ರಿಭುಜಗಳು. ಅವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೇಕಾದವು ಒಂದರ ಮೇಲೊಂದು ಬಿದ್ದಿರುವ ದೊಡ್ಡ ತ್ರಿಭುಜಗಳು: ಅಬಇ ಮತ್ತು ಅಕದ. ಇಂಥ ಕಡೆ ನಾನು ಆ ಎರಡನ್ನೂ ಪಕ್ಕದಲ್ಲಿ ಬಿಡಿಬಿಡಿಯಾಗಿ ಮತ್ತೆ ಬರೆದುಕೊಳ್ಳುತ್ತೇನೆ, ಎರಡೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ. ಅರ್ಧ ನಿಮಿಷದ ಕೆಲಸ, ಅರ್ಧ ಲೆಕ್ಕ ಅಲ್ಲೇ ಮುಗಿದಿರುತ್ತದೆ.

ಬಿಡಿಸಿದ ಮೇಲೆ ಉಳಿದದ್ದು ಸಲೀಸು. ಅಬ = ಅಕ, ಇದು ದತ್ತ, ಅಂದರೆ ಲೆಕ್ಕದಲ್ಲೇ ಕೊಟ್ಟದ್ದು. ಕೋನ ಅ ಎರಡಕ್ಕೂ ಸಾಮಾನ್ಯ. ಅಬಯಿಂದ ಬದ ಕಳೆದರೆ ಅದ, ಅಕಯಿಂದ ಕಇ ಕಳೆದರೆ ಅಇ; ಸಮವಾದವುಗಳಿಂದ ಸಮವಾದವನ್ನು ಕಳೆದಿದ್ದೇವೆ, ಆದ್ದರಿಂದ ಅದ = ಅಇ. ಎರಡೂ ತ್ರಿಭುಜಗಳಲ್ಲಿ ಕೋನ ಅ ಈ ಸಮ ಬಾಹುಗಳ ನಡುವೆಯೇ ಇದೆ. ಬಾಕೋಬಾ ನಿಯಮದಂತೆ ತ್ರಿಭುಜ ಅಬಇ ≅ ತ್ರಿಭುಜ ಅಕದ, ಅನುರೂಪ ಬಾಹುಗಳಾದ ಬಇ = ಕದ. ಕಳೆಯುವ ಆ ಒಂದು ಸಾಲನ್ನು ನುಂಗಿಬಿಡುವವರೇ ಹೆಚ್ಚು. ‘ಅದ = ಅಇ, ದತ್ತ’ ಎಂದು ಬರೆದ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಡುವುದಿಲ್ಲ; ಅದು ದತ್ತದಲ್ಲಿ ಇಲ್ಲವೇ ಇಲ್ಲ.

ಇದೇ ಚಿತ್ರದಲ್ಲಿ ಬಇ, ಕದ ಸಂಧಿಸುವ ಬಿಂದು ಮ ಆಗಿರಲಿ. ಬಮ = ಕಮ ಎಂದು ಸಾಧಿಸಬೇಕಾದರೆ ಆಗ ಬದಿಗಿಟ್ಟ ಚಿಕ್ಕ ತ್ರಿಭುಜಗಳ ಸರದಿ. ದಬಮ ಮತ್ತು ಇಕಮಗಳಲ್ಲಿ ಬದ = ಕಇ; ಮ ಬಳಿಯ ಶೃಂಗಾಭಿಮುಖ (ಎರಡು ಗೆರೆಗಳು ಕತ್ತರಿಸಿದಲ್ಲಿ ಎದುರುಬದುರಾಗುವ) ಕೋನಗಳು ಸಮ; ಕೋನ ದಬಮ = ಕೋನ ಇಕಮ, ಏಕೆಂದರೆ ಈಗಷ್ಟೇ ಸರ್ವಸಮ ಎಂದು ತೋರಿಸಿದ ದೊಡ್ಡ ತ್ರಿಭುಜಗಳ ಅನುರೂಪ ಕೋನಗಳು ಅವು. ಎರಡು ಕೋನ ಸಮವಾದರೆ ಮೂರನೆಯದೂ ಸಮ, ಹಾಗಾಗಿ ಕೋಬಾಕೋ. ಒಂದು ಸರ್ವಸಮತೆಯಿಂದ ಪಡೆದದ್ದನ್ನು ಇನ್ನೊಂದಕ್ಕೆ ಬಂಡವಾಳ ಮಾಡುವ ಈ ಬಗೆಯ ಲೆಕ್ಕಗಳೆಂದರೆ ನನಗೆ ಇಂದಿಗೂ ಇಷ್ಟ.

‘ಬಾಬಾಕೋ (ಎರಡು ಬಾಹು, ಅವುಗಳ ನಡುವೆ ಇಲ್ಲದ ಕೋನ) ಏಕೆ ಇಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕೈವಾರ ಕೊಡುತ್ತೇನೆ. 30 ಡಿಗ್ರಿಯ ಕೋನ ರಚಿಸಿ, ಅದರ ಓರೆಯಾದ ಕಿರಣದ ಮೇಲೆ ಶೃಂಗದಿಂದ 8 ಸೆಂ.ಮೀ. ದೂರಕ್ಕೆ ಒಂದು ಬಿಂದು ಗುರುತಿಸಿ. ಆ ಬಿಂದುವಿನಿಂದ 5 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಕಂಸ ಕೆಳಗಿನ ಕಿರಣವನ್ನು ಎರಡು ಕಡೆ ಕತ್ತರಿಸುತ್ತದೆ, ಶೃಂಗದಿಂದ ಸುಮಾರು 3.9 ಸೆಂ.ಮೀ. ಮತ್ತು 9.9 ಸೆಂ.ಮೀ. ದೂರದಲ್ಲಿ. ಎರಡೂ ತ್ರಿಭುಜಗಳಲ್ಲಿ 8, 5 ಮತ್ತು 30 ಡಿಗ್ರಿ ಇವೆ; ಒಂದು ಕುಳ್ಳಗೆ, ಇನ್ನೊಂದು ಉದ್ದಕ್ಕೆ. ಈಗ ಕೈವಾರವನ್ನು 4 ಸೆಂ.ಮೀ.ಗೆ ಇಳಿಸಿ. ಕಂಸ ಕಿರಣವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಹಿಂದೆ ಸರಿಯುತ್ತದೆ, ಅಲ್ಲಿ ಏರ್ಪಡುವುದು ಲಂಬಕೋನ. ಹಾಗೆಯೇ ಕೊಟ್ಟ ಕೋನವೇ ಲಂಬಕೋನವಾಗಿದ್ದರೆ ಕಂಸ ಕಿರಣವನ್ನು ಕತ್ತರಿಸುವುದು ಒಂದೇ ಕಡೆ. ಲಂವಿಬಾ ನಿಯಮಕ್ಕೆ ಈ ವಿನಾಯಿತಿ ಸಿಕ್ಕಿದ್ದು ಹೀಗೆ. ಕೋಕೋಕೋ (ಮೂರೂ ಕೋನ) ಬಗ್ಗೆ ಹೇಳುವುದು ಹೆಚ್ಚಿಲ್ಲ: ಅದು ಸಮರೂಪತೆ, ಅಂದರೆ ಒಂದೇ ಆಕಾರ ಕೊಡುತ್ತದೆ, ಅಳತೆ ಕೊಡುವುದಿಲ್ಲ.

ಚಿತ್ರದ ಮೇಲೆ ಗುರುತು ಹಾಕುವಾಗ ಒಂದು ಶಿಸ್ತು ಪಾಲಿಸುತ್ತೇನೆ. ದತ್ತದಲ್ಲಿರುವುದಕ್ಕೆ ಒಂದು ಬಣ್ಣ, ನಾನು ತರ್ಕದಿಂದ ಪಡೆದದ್ದಕ್ಕೆ ಇನ್ನೊಂದು. ಕಣ್ಣಿಗೆ ಸಮವಾಗಿ ಕಂಡದ್ದಕ್ಕೆ ಯಾವ ಬಣ್ಣವೂ ಇಲ್ಲ. ಬೇಕೆಂದೇ ಚಿತ್ರವನ್ನು ಸ್ವಲ್ಪ ಸೊಟ್ಟಗೆ ಬರೆಯುವ ಅಭ್ಯಾಸವೂ ನನಗಿದೆ. ಅಂದವಾದ ಚಿತ್ರ ಇಲ್ಲದ ಲಂಬಕೋನಗಳನ್ನು ತೋರಿಸಿಬಿಡುತ್ತದೆ.

ಇನ್ನು ಸಮದ್ವಿಬಾಹು (ಎರಡು ಬಾಹು ಸಮವಿರುವ) ತ್ರಿಭುಜದ ಪಾದಕೋನಗಳು ಸಮ ಎಂಬ ಪ್ರಮೇಯ. ಸಾಮಾನ್ಯವಾಗಿ ಶೃಂಗಕೋನದ ಅರ್ಧಕ ಎಳೆದು ಬಾಕೋಬಾ ಬಳಸುತ್ತೇವೆ. ಲಂಬ ಎಳೆದು ಲಂವಿಬಾ ಬಳಸಿದರಾಗದೇ ಎಂದು ಚುರುಕಾದವರು ಕೇಳುತ್ತಾರೆ. ಆದರೆ ಲಂವಿಬಾವನ್ನು ವಾಡಿಕೆಯಂತೆ ಸಾಧಿಸುವಾಗ ಇದೇ ಪ್ರಮೇಯವನ್ನು ಉಪಯೋಗಿಸಿರುತ್ತೇವೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತಾಗುತ್ತದೆ. ಯಾವ ಗೆರೆಯನ್ನೂ ಎಳೆಯದ ದಾರಿಯೊಂದಿದೆ, 4ನೇ ಶತಮಾನದ ಅಲೆಕ್ಸಾಂಡ್ರಿಯಾದ ಪಾಪಸ್ ತೋರಿಸಿದ್ದು. ತ್ರಿಭುಜ ಅಬಕವನ್ನು ತ್ರಿಭುಜ ಅಕಬದೊಂದಿಗೆ ಹೋಲಿಸಿ: ಅಬ = ಅಕ, ಕೋನ ಅ ತನಗೆ ತಾನೇ ಸಮ, ಅಕ = ಅಬ. ಬಾಕೋಬಾ ಪ್ರಕಾರ ಸರ್ವಸಮ, ಆದ್ದರಿಂದ ಕೋನ ಬ = ಕೋನ ಕ. ‘ಇರುವುದು ಒಂದೇ ತ್ರಿಭುಜ, ಇದೆಂಥ ಸಾಧನೆ ಸರ್?’ ಎಂದು ತರಗತಿ ತಕರಾರು ತೆಗೆಯುತ್ತದೆ. ತ್ರಿಭುಜ ಒಂದೇ, ಜೋಡಣೆ ಎರಡು ಎನ್ನುತ್ತೇನೆ. ಬಗೆ ಬ, ಕಗೆ ಕ ಎಂಬ ಜೋಡಣೆಯಿಂದ ಹೊಸದೇನೂ ಸಿಗುವುದಿಲ್ಲ. ಬಗೆ ಕ, ಕಗೆ ಬ ಎಂದು ಅದಲುಬದಲು ಮಾಡಿದರೆ ಪ್ರಮೇಯ ಸಿಗುತ್ತದೆ. ಅದೇ ಬಿಸಿಯಲ್ಲಿ, ಮೂರೂ ಬಾಹು ಸಮವಿರುವ ತ್ರಿಭುಜಕ್ಕೆ ಇಂಥ ಜೋಡಣೆಗಳು ಎಷ್ಟೆಂದು ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಅವರಿಂದಲೇ ಬರೆಸುತ್ತೇನೆ. ಆರು ಬರುವವರೆಗೆ ಬಿಡುವುದಿಲ್ಲ.