ಒಂದೇ ಹಾಸಿಗೆ, ಎರಡು ಹೊದಿಕೆ
ರಾತ್ರಿಯೆಲ್ಲಾ ಹೊದಿಕೆ ಎಳೆದಾಡಿ ನಿದ್ದೆ ಕೆಡುತ್ತಿದೆಯಾ? ಹಾಸಿಗೆ ಒಂದೇ ಇರಲಿ, ಹೊದಿಕೆ ಮಾತ್ರ ಇಬ್ಬರಿಗೂ ಬೇರೆ ಬೇರೆ ಇಟ್ಟುಕೊಳ್ಳಿ. ದೊಡ್ಡದು ಒಂದರ ಬದಲು ಸಿಂಗಲ್ ಸೈಜಿನವು ಎರಡು, ಅಷ್ಟೇ. ನಿದ್ದೆ ಹತ್ತುವಾಗ ಮೈಯೊಳಗಿನ ಬಿಸಿ ತುಸು ಇಳಿಯಬೇಕು. ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ ಅಂದರೆ ಒಂದೇ ಹೊದಿಕೆ ಇಬ್ಬರಿಗೂ ಹೊಂದುವುದು ಕಷ್ಟ, ಅಲ್ವಾ? ಬೇರೆ ಇದ್ದರೆ ಒಬ್ಬರು ತೆಳುವಾದದ್ದು, ಇನ್ನೊಬ್ಬರು ದಪ್ಪದ್ದು ಹೊದ್ದುಕೊಳ್ಳಬಹುದು. ಒಬ್ಬರು ಮಗ್ಗುಲು ಬದಲಿಸಿದರೆ ಪಕ್ಕದವರ ಹೊದಿಕೆ ಜಾರುವುದೂ ಇಲ್ಲ. ಸ್ವೀಡನ್, ಡೆನ್ಮಾರ್ಕ್, ಜರ್ಮನಿ ಕಡೆ ಗಂಡ ಹೆಂಡತಿ ಹೀಗೆ ಮಲಗುವುದು ಮಾಮೂಲು. ಜಗಳ ಆಗಿದೆ ಅಂತ ಅರ್ಥವಲ್ಲ! ಆದರೆ ಗೊರಕೆಗೆ ಇದು ಮದ್ದಲ್ಲ. ಒಬ್ಬರು ಹೊರಳಿದರೆ ಹಾಸಿಗೆಯೇ ಅಲುಗಾಡುತ್ತದೆ ಅನ್ನುವವರಿಗೂ ಜಾಸ್ತಿ ಉಪಯೋಗವಿಲ್ಲ. ಮಂಚ ಚಿಕ್ಕದಿದ್ದರೆ ಎರಡು ದಪ್ಪ ರಜಾಯಿ ಹಿಡಿಸುವುದಿಲ್ಲ, ತೆಳುವಾದವೇ ವಾಸಿ.